ಮುಖ ಓದುವ ಆಟ

ಇಯಾನ್ ಫ್ಲೆಮಿಂಗ್ 1953ರಲ್ಲಿ ಪ್ರಕಟಿಸಿದ ‘ಕ್ಯಾಸಿನೊ ರೊಯಾಲ್’ ಕಾದಂಬರಿಯಲ್ಲಿ ಜೇಮ್ಸ್ ಬಾಂಡ್ ಆಡುವುದು ಬ್ಯಾಕರಾ. ಅಲ್ಲಿ ಎಲೆ ಬಿದ್ದಂತೆ ಫಲ. ಎದುರಾಳಿಯನ್ನು ಹೆದರಿಸಿ ಏಳಿಸಲು ಎಡೆಯಿಲ್ಲ. 2006ರ ಚಲನಚಿತ್ರದಲ್ಲಿ ಅದರ ಸ್ಥಾನಕ್ಕೆ ಪೋಕರ್ ಬಂದಿತು. ಪೋಕರಿನಲ್ಲಿ ಗೆಲ್ಲಲು ಒಳ್ಳೆಯ ಎಲೆ ಬೇಕೇಬೇಕೆಂದಿಲ್ಲ. ಇದೆಯೆಂದು ಎದುರಿನವನು ನಂಬಿದರೂ ಸಾಕು.

ಆದರೆ ಎಲ್ಲರೂ ಕೊಂಡಾಡುವ ಆ ಚಿತ್ರದ ಕೊನೆಯ ಆಟದಲ್ಲಿ ಹುಸಿ ಪಣವೇ ಇಲ್ಲವೆಂಬುದನ್ನು ನಾವು ಮೂರನೆಯ ಸಲ ನೋಡುವಾಗ ಗಮನಿಸಿದೆವು. ಉಳಿದಿರುವವರು ನಾಲ್ವರು. ಒಬ್ಬನಲ್ಲಿ ಒಂದೇ ಜಾತಿಯ ಐದು ಎಲೆ, ಇಬ್ಬರಲ್ಲಿ ಫುಲ್ ಹೌಸ್, ಬಾಂಡ್‌ನಲ್ಲಿ ನಾಲ್ಕರಿಂದ ಎಂಟರವರೆಗೆ ಇಸ್ಪೀಟಿನದೇ ಸಾಲು. ಅಂಥ ಎಲೆ ಕೈಯಲ್ಲಿರುವಾಗ 4 ಕೋಟಿ 5 ಲಕ್ಷ ಡಾಲರನ್ನು ಮುಂದಕ್ಕೆ ತಳ್ಳಲು ಗೂಢಚಾರನೇ ಬೇಕೆ? ನಮ್ಮ ಕಚೇರಿಯ ಅತ್ಯಂತ ಅಂಜುಬುರುಕ ಗುಮಾಸ್ತರೂ ತಳ್ಳಿಯಾರು.

ಆಟದ ಮರ್ಮವಿರುವುದು ಅದಕ್ಕೂ ಮುಂಚೆ, ಬಾಂಡ್ ಸೋಲುವಲ್ಲಿ. ಹುಸಿ ಪಣ ಒಡ್ಡುವಾಗ ಲ ಶಿಫ್ರ್ ಕಣ್ಣಿನ ಬಳಿಗೆ ಕೈ ಒಯ್ಯುತ್ತಾನೆಂದು ಅವನು ಗುರುತಿಸಿರುತ್ತಾನೆ. ಅದೇ ಸಂಜ್ಞೆ ಮತ್ತೆ ಕಂಡಾಗ ಇದ್ದುದೆಲ್ಲವನ್ನೂ ಒಡ್ಡುತ್ತಾನೆ. ಎದುರಾಳಿ ತೆರೆದು ತೋರಿಸುವುದು ನಾಲ್ಕು ಗುಲಾಮರನ್ನು! ತನ್ನ ಮುಖವನ್ನು ಓದುತ್ತಿದ್ದಾರೆಂದು ಅರಿತವನು ಅದರ ಮೇಲೆ ತನಗೆ ಬೇಕಾದುದನ್ನು ಬರೆದುಕೊಂಡಿದ್ದಾನೆ.

ಇದಕ್ಕಿಂತ ಸೂಕ್ಷ್ಮವಾದದ್ದು 1998ರ ‘ರೌಂಡರ್ಸ್’. ಅದರ ಕೊನೆಯ ಆಟದಲ್ಲಿ ನಾಯಕ ಮೈಕ್‌ನ ಕೈಯಲ್ಲಿ ಎಂಟು, ಒಂಬತ್ತು; ಮೇಜಿನ ಮೇಲೆ ತೆರೆದ ಮೊದಲ ಮೂರು ಎಲೆಗಳು ಆರು, ಏಳು, ಹತ್ತು. ಸಾಲು ಆಗಲೇ ಕೂಡಿಬಂದಿದೆ. ಅವನೋ ‘ಚೆಕ್’ ಎಂದು ಸರದಿ ದಾಟಿಸುತ್ತಾನೆ. ಟೆಡ್ಡಿ ಕೆಜಿಬಿ ಪಣವಿಟ್ಟಾಗ ಒಲ್ಲದ ಮನಸ್ಸಿನವನಂತೆ ಸರಿದೂಗಿಸುತ್ತಾನೆ. ಕೊನೆಗೆ ಕೆಜಿಬಿ ತಾನಾಗಿಯೇ ಎಲ್ಲವನ್ನೂ ತಂದು ಸುರಿಯುತ್ತಾನೆ. 1988ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ ಜಾನಿ ಚಾನ್, ಎರಿಕ್ ಸೈಡೆಲ್‌ರನ್ನು ಕೆಡವಿದ್ದೂ ಹೀಗೆಯೇ. ಆ ಪಂದ್ಯದ ದೃಶ್ಯವನ್ನು ಮೈಕ್ ನೋಡುವುದನ್ನು ಚಿತ್ರದಲ್ಲೇ ತೋರಿಸಿದ್ದಾರೆ. ಹುಸಿಯೆಂದರೆ ಅಬ್ಬರವೆಂದೇ ತಿಳಿದಿದ್ದ ನಮಗೆ ಈ ಮೌನ ಬಹಳ ಹಿಡಿಸಿತು. ಹುಸಿಗೂ ಒಂದು ಕಥೆ ಬೇಕು. ಮೊದಲ ಪಣದಿಂದ ಕಡೆಯ ಪಣದವರೆಗೆ ಅದು ಹೊಂದಿಕೊಂಡಿರಬೇಕು. (ಕಡತದ ಟಿಪ್ಪಣಿಗಳ ನಡುವೆ ಬದುಕುವ ನಮಗೆ ಇದು ಬೇಗ ಅರ್ಥವಾಯಿತು.)

ಇದರ ಹಿಂದೊಂದು ಲೆಕ್ಕವೂ ಇದೆ. ನಡುವಿನ ರಾಶಿಯಲ್ಲಿ 100 ರೂಪಾಯಿ ಇದ್ದು, ಬರಿಗೈಯವನು ಇನ್ನೂ 100 ಒಡ್ಡಿದನೆನ್ನಿ. ಎರಡಕ್ಕೊಮ್ಮೆ ಎದುರಾಳಿ ಎಲೆ ಕೆಳಗಿಟ್ಟರೆ ಅವನಿಗೆ ನಷ್ಟವಿಲ್ಲ. ಎದುರಾಳಿಗಾದರೋ 100 ಕೊಟ್ಟರೆ 200 ಗೆಲ್ಲುವ ಅವಕಾಶ. ಮೂರರಲ್ಲೊಮ್ಮೆ ಇವನದು ಹುಸಿಯಾಗಿದ್ದರೂ ಅವನು ಸರಿದೂಗಿಸಬಹುದು. ಇದರಲ್ಲಿ ಮುಖದ ಪ್ರಸ್ತಾಪವೇ ಇಲ್ಲ.

ನಾವು ಇಷ್ಟು ಆಳಕ್ಕೆ ಇಳಿದದ್ದು ನಮ್ಮ ಬಳಗದ ಹಿರಿಯರೊಬ್ಬರ ಮೊಮ್ಮಗನ ದೆಸೆಯಿಂದ. ದೆಹಲಿಯ ದೀಪಾವಳಿಗಳಲ್ಲಿ ಚಿಲ್ಲರೆ ಕಾಸಿಗೆ ತೀನ್ ಪತ್ತಿ ಆಡಿ ಬೆಳೆದ ಹುಡುಗ, ಫೋನಿನಲ್ಲಿ ಹಣವಿಟ್ಟು ಪೋಕರ್ ಆಡಿ ಎರಡು ಸೆಮಿಸ್ಟರಿನ ಶುಲ್ಕ ಕಳೆದಿದ್ದ. “ಎದುರಿನವನನ್ನು ಓದೋಕೆ ಬರಬೇಕು, ಅಜ್ಜ” ಎಂದು ಬಾಂಡ್ ಚಿತ್ರವನ್ನು ಹಾಕಿ ತೋರಿಸಿದನಂತೆ.

“ನಿನ್ನ ಫೋನಲ್ಲಿ ಅವನ ಮುಖ ಎಲ್ಲಿ ಕಾಣುತ್ತೋ?” ಎಂದು ಅಜ್ಜ ಕೇಳಿದರು.

ಪ್ರತಿ ಆಟದ ರಾಶಿಯಿಂದ ಆಡಿಸುವವರು ತಮ್ಮ ಪಾಲನ್ನು ಮುರಿದುಕೊಳ್ಳುತ್ತಾರೆ. ಅವರಿಗೆ ಎಲೆಯೂ ಬೇಡ, ಹುಸಿಯೂ ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಒಪ್ಪಿಗೆ ನೀಡಿತು. ಹುಡುಗನ ಹಣ ಹೋದದ್ದು ಅದಕ್ಕಿಂತ ಮೊದಲು. ಶುಲ್ಕವನ್ನು ಅಜ್ಜನೇ ಕಟ್ಟಿದರು. ಹುಡುಗ ಶಾಲಾಮಕ್ಕಳಿಗೆ ಪಾಠ ಹೇಳಿ ತಿಂಗಳಿಗಿಷ್ಟೆಂದು ತೀರಿಸುತ್ತಿದ್ದಾನೆ. ಮುಂದಿನ ಸಲ ‘ರೌಂಡರ್ಸ್’ ನೋಡಲು ಕೂಡುವಾಗ ಅವನನ್ನೂ ಕರೆದಿದ್ದೇವೆ.