ಹಳೆಯ ಚಾಸಿಗೆ ಹೊಸ ಮೈ

ಹೊಸೂರಿನ ಹೆದ್ದಾರಿಯಲ್ಲಿ ಕೆಲವೊಮ್ಮೆ ವಿಚಿತ್ರವಾದ ವಾಹನವೊಂದು ಎದುರಾಗುತ್ತದೆ. ಎಂಜಿನ್ ಇದೆ, ಗಾಲಿಗಳಿವೆ, ಎರಡು ನೀಳವಾದ ಉಕ್ಕಿನ ತೊಲೆಗಳಿವೆ. ಮೈ ಮಾತ್ರ ಇಲ್ಲ. ಚಾಲಕನು ತಲೆಗೆ ಟವೆಲು ಸುತ್ತಿ, ಎದುರುಗಾಳಿಗೆ ಕಣ್ಣು ಕಿರಿದಾಗಿಸಿಕೊಂಡು ಬಯಲಿನಲ್ಲಿ ಕುಳಿತಂತೆ ಕುಳಿತಿರುತ್ತಾನೆ. ಅದು ಕಾರ್ಖಾನೆಯಿಂದ ಹೊರಟ ಲಾರಿಯ ಚಾಸಿ. ನಾಮಕ್ಕಲ್ಲಿನಂತಹ ಊರನ್ನು ಸೇರಿದ ಮೇಲೆ ಅಲ್ಲಿ ಅದಕ್ಕೆ ಬಾಡಿ ಕಟ್ಟುತ್ತಾರೆ. ಮನೆ ಕಟ್ಟುವುದಕ್ಕೂ ಪದ ಕಟ್ಟುವುದಕ್ಕೂ ಸಲ್ಲುವ ಕ್ರಿಯಾಪದವೇ ಇಲ್ಲಿಯೂ ಸಲ್ಲುತ್ತದೆ. ಅಸ್ಥಿಪಂಜರ ಒಬ್ಬರದು, ಮೈ ಇನ್ನೊಬ್ಬರದು ಎಂಬ ಈ ಏರ್ಪಾಡು ಲಾರಿಯ ಮಟ್ಟಿಗೆ ಯಾರನ್ನೂ ಚಿಂತೆಗೆ ಹಚ್ಚುವುದಿಲ್ಲ. ಜನರು ತಲೆಮಾರುಗಳಿಂದ ಪ್ರೀತಿಸಿದ ವಾಹನವೊಂದರ ಮೈ ತೆಗೆದು ಹೊಸದನ್ನು ಕಟ್ಟಲು ಹೊರಟಾಗ ಮಾತ್ರ ಪ್ರಶ್ನೆ ಏಳುತ್ತದೆ: ಪ್ರೀತಿಸಿದ್ದು ಮೈಯನ್ನೋ, ಒಳಗಿನದನ್ನೋ? ಇಂಗ್ಲೆಂಡಿನಲ್ಲಿ ಈ ಪ್ರಶ್ನೆಯನ್ನು ಒಂದು ಸಣ್ಣ ಕಾರು ಹಲವು ಬಾರಿ ಎತ್ತಿದೆ.

ಆ ಕಾರಿನ ಹೆಸರು ಲೋಟಸ್ ಸೆವೆನ್. ಕಾಲಿನ್ ಚಾಪ್‌ಮನ್ ಎಂಬ ಎಂಜಿನಿಯರ್ 1957ರಲ್ಲಿ ಅದನ್ನು ಹೊರತಂದನು. ಅಂದಿನ ಬ್ರಿಟನ್ನಿನಲ್ಲಿ ಸಿದ್ಧವಾದ ಕಾರಿನ ಮೇಲೆ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಆ ಹೊರೆ ತಪ್ಪುತ್ತಿತ್ತು. ಹೀಗಾಗಿ ಸೆವೆನ್ ಬಹುಪಾಲು ಪೆಟ್ಟಿಗೆಗಳಲ್ಲಿ ಬಂದು, ಕೊಂಡವನ ಷೆಡ್ಡಿನಲ್ಲಿ ಕಾರಾಗುತ್ತಿತ್ತು. ಜೋಡಿಸುವ ಕ್ರಮವನ್ನು ಬರೆದುಕೊಡಬಾರದೆಂದು ನಿಯಮವಿತ್ತಂತೆ. ಚಾಪ್‌ಮನ್ ಬಿಚ್ಚುವ ಕ್ರಮವನ್ನು ಬರೆದುಕೊಟ್ಟು, ಕೊನೆಯಿಂದ ಮೊದಲಿಗೆ ಓದಿಕೊಳ್ಳುವ ಕೆಲಸವನ್ನು ಗಿರಾಕಿಗೆ ಬಿಟ್ಟನಂತೆ. ಈ ಕಥೆಯನ್ನು ಸೆವೆನ್‌ನ ಅಭಿಮಾನಿಗಳು ಇಂದಿಗೂ ಸಡಗರದಿಂದ ಹೇಳುತ್ತಾರೆ.

ಅದರ ಮೈಯಾದರೂ ಎಂತಹುದು? ತೆಳುವಾದ ಉಕ್ಕಿನ ಕೊಳವೆಗಳ ಹಂದರ. ಅದರ ಮೇಲೆ ಅಲ್ಯೂಮಿನಿಯಂ ತಗಡು. ತಗಡುಗಳು ಬಹುತೇಕ ಚಪ್ಪಟೆ, ಬಾಗಿದರೂ ಒಂದೇ ದಿಕ್ಕಿಗೆ ಬಾಗಿದವು. ಇದು ಸೌಂದರ್ಯದ ಲೆಕ್ಕವಲ್ಲ, ಕೂಲಿಯ ಲೆಕ್ಕ. ಕಾಗದವನ್ನು ಸುರುಳಿ ಸುತ್ತಿದಂತೆ ಒಂದೇ ದಿಕ್ಕಿಗೆ ತಗಡನ್ನು ಬಾಗಿಸುವುದು ಸುಲಭ. ಬೋಗುಣಿಯಂತೆ ಎರಡೂ ದಿಕ್ಕಿಗೆ ಬಾಗಿಸಬೇಕಾದರೆ ಕಂಚುಗಾರನ ಬಗೆಯ ಪಳಗಿದ ಕೈ ಬೇಕು, ಹೊತ್ತು ಬೇಕು, ಹಣ ಬೇಕು. ಆದುದರಿಂದ ಅಂತಹ ಬಾಗುಗಳು ಮೂತಿಗೂ ಮಡ್‌ಗಾರ್ಡ್‌ಗೂ ಮಾತ್ರ ಸೀಮಿತವಾದವು. 1960ರ ಎರಡನೆಯ ಸರಣಿಯಲ್ಲಿ ಅವನ್ನೂ ಫೈಬರ್ ಗ್ಲಾಸಿನಲ್ಲಿ ಎರಕ ಹೊಯ್ದರು. ದೀಪಗಳು ಹೊರಗೆ, ಗಾಲಿಗಳು ಹೊರಗೆ, ಗಾಲಿ ಹಿಡಿದ ತೋಳುಗಳು ಹೊರಗೆ. ಒಳಗೆ ಕುಳಿತವನ ಮೊಣಕೈಯೂ ಹೊರಗೆ.

ಇಂತಹ ಕಾರಿಗೆ ಹೊಸ ಮೈ ಏಕೆ ಬೇಕು? ಮೊದಲ ಕಾರಣ ಗಾಳಿ. ಸೆವೆನ್‌ನಷ್ಟು ಹಗುರವಾದ ಕಾರು ನಿಂತಲ್ಲಿಂದ ಚಿಮ್ಮುವುದರಲ್ಲಿ ದೊಡ್ಡ ದೊಡ್ಡ ಕಾರುಗಳನ್ನು ನಾಚಿಸುತ್ತದೆ. ಆದರೆ ವೇಗ ಏರಿದಂತೆಲ್ಲ ನೆಟ್ಟಗೆ ನಿಂತ ಗಾಜು, ಬರಿಗಾಲಿ, ಬಿಡಿಬಿಡಿ ದೀಪ ಎಲ್ಲವೂ ಗಾಳಿಗೆ ಅಡ್ಡ ನಿಲ್ಲುತ್ತವೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಹೆಚ್ಚುತ್ತದೆ. ಗಂಟೆಗೆ 100 ಕಿಲೋಮೀಟರಿನಲ್ಲಿ ಗಾಳಿಗೆಂದು ತೆರುವ ಶಕ್ತಿಯ ಎಂಟರಷ್ಟನ್ನು 200ರಲ್ಲಿ ತೆರಬೇಕು. ಎರಡನೆಯ ಕಾರಣ ಮಳೆ. ಇಂಗ್ಲೆಂಡಿನ ಮಳೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೂರನೆಯದು ವಯಸ್ಸು: ಇಪ್ಪತ್ತರಲ್ಲಿ ಬಾಗಿಲಿಲ್ಲದ ಕಾರಿಗೆ ಹಾರಿ ಕುಳಿತವನು ಐವತ್ತರಲ್ಲಿ ಬಾಗಿಲನ್ನು ಕೇಳುತ್ತಾನೆ.

ಕಾರಣಗಳೇನೋ ಸರಿಯೇ. ತೊಡಕು ತೊಡಗುವುದು ವಿನ್ಯಾಸಕಾರನು ಪೆನ್ಸಿಲ್ ಹಿಡಿದ ಮೇಲೆ. ಸೆವೆನ್‌ನ ಚಾಸಿ ದೋಣಿಯಂತೆ ಕಿರಿದು. ಗಾಲಿಗಳು ಅದರಿಂದ ದೂರ ನಿಂತಿವೆ. ಅವನ್ನು ಮುಚ್ಚುವ ಮೈ ಅಗಲವಾಗಲೇಬೇಕು, ಅಗಲವಾದಾಗ ಚಾಸಿಗೂ ಮೈಗೂ ನಡುವೆ ಟೊಳ್ಳು ಉಳಿಯುತ್ತದೆ. ಕುಳಿತವನ ಪಕ್ಕದಲ್ಲಿಯೇ ಹಂದರದ ಕೊಳವೆ ಎತ್ತರದಲ್ಲಿ ಹಾದುಹೋಗುತ್ತದೆ. ಅದನ್ನು ಕತ್ತರಿಸಿದರೆ ಚಾಸಿಯ ಬಿಗುವೇ ಹೋಗುತ್ತದೆ. ಆದುದರಿಂದ ಬಾಗಿಲಿಟ್ಟರೂ ಅದರ ಕೆಳಗೆ ಅಗಲವಾದ, ಎತ್ತರವಾದ ಹೊಸ್ತಿಲು ಉಳಿಯುತ್ತದೆ, ಬಾಗಿಲು ಬಂದೂ ದಾಟುವ ಕಷ್ಟ ಪೂರ್ತಿ ತಪ್ಪುವುದಿಲ್ಲ. ಎಂಜಿನ್ ಮುಂದೆ ಎತ್ತರದಲ್ಲಿ ನಿಂತಿರುವುದರಿಂದ ಬಾನೆಟ್ಟನ್ನು ಬೇಕಾದಷ್ಟು ತಗ್ಗಿಸಲಾಗದು. ಚಾಲಕನು ಹಿಂಗಾಲಿಗಳಿಗೆ ಒತ್ತಿಕೊಂಡು ಕುಳಿತಿರುವುದರಿಂದ ಕಾರಿನ ಅಳತೆಗಳನ್ನೆಲ್ಲ ಹಳೆಯ ಚಾಸಿಯೇ ಮೊದಲೇ ಬರೆದಿಟ್ಟಿರುತ್ತದೆ. ಛಂದಸ್ಸನ್ನು ಬೇರೊಬ್ಬರು ಗೊತ್ತುಮಾಡಿದ ಮೇಲೆ ಪದ್ಯ ಬರೆಯಲು ಕುಳಿತವನ ಪಾಡು ಇದು.

ಇದಲ್ಲದೆ ಕಿಟ್ ಕಾರಿಗೇ ವಿಶಿಷ್ಟವಾದ ಇನ್ನೊಂದು ಕಟ್ಟುಪಾಡಿದೆ. ದೊಡ್ಡ ಕಾರ್ಖಾನೆಯ ವಿನ್ಯಾಸಕಾರನ ಗೆರೆಯನ್ನು ಯಂತ್ರಗಳು ಪೂರೈಸುತ್ತವೆ. ಕಿಟ್ ಕಾರಿನವನ ಗೆರೆಯನ್ನು ಯಾರೋ ಒಬ್ಬ ಮೇಷ್ಟರೋ ಗುಮಾಸ್ತನೋ ಭಾನುವಾರ ಮಧ್ಯಾಹ್ನ ಸ್ಪಾನರ್ ಹಿಡಿದು ಪೂರೈಸಬೇಕು. ಫೈಬರ್ ಗ್ಲಾಸಿನ ದೊಡ್ಡ ಭಾಗ ಅಚ್ಚಿನಿಂದ ಬಿಡಿಸಿಕೊಂಡ ಮೇಲೆ ಕೂದಲೆಳೆಯಷ್ಟು ಸೊಟ್ಟಗಾದರೂ ಬಾಗಿಲಿನ ಸಂದು ಮೇಲೆ ಕಿರಿದು, ಕೆಳಗೆ ಅಗಲ. ಸೆವೆನ್‌ನ ಬಿಡಿ ಮಡ್‌ಗಾರ್ಡ್ ತುಸು ವಾರೆಯಾದರೆ ಯಾರಿಗೂ ತಿಳಿಯದು; ನುಣುಪಾದ ಆಧುನಿಕ ಮೈಯಲ್ಲಿ ಬೆಳಕು ಹರಿಯುವ ಗೆರೆಯೇ ತಪ್ಪನ್ನು ಎತ್ತಿ ತೋರಿಸುತ್ತದೆ. ಇತ್ತೀಚಿನ ನಿಯಮಗಳೂ ಸೇರಿಕೊಂಡಿವೆ. ಬ್ರಿಟನ್ನಿನಲ್ಲಿ ಸ್ವತಃ ಜೋಡಿಸಿದ ಕಾರು ರಸ್ತೆಗಿಳಿಯುವ ಮುನ್ನ ಸರಕಾರಿ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ದಾರಿಹೋಕರಿಗೆ ತಗಲಬಹುದಾದ ಹೊರಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯಕ್ಕೆ ದುಂಡಗಾಗಿರಬೇಕು. ಕಾಗದದ ಮೇಲೆ ಹರಿತವಾಗಿ ಎಳೆದ ಅಂಚು ಅಲ್ಲಿಗೆ ಮೊಂಡಾಗುತ್ತದೆ.

ಹೊಸ ಮೈಯ ಮೊದಲ ದೊಡ್ಡ ಪ್ರಯತ್ನ ಲೋಟಸ್ ಸಂಸ್ಥೆಯಿಂದಲೇ ಆಯಿತು. 1970ರಲ್ಲಿ ಬಂದ ನಾಲ್ಕನೆಯ ಸರಣಿಯ ಚಾಸಿಯನ್ನು ಪೀಟರ್ ಲೂಕಸ್, ಫೈಬರ್ ಗ್ಲಾಸಿನ ಮೈಯನ್ನು ಅಲನ್ ಬ್ಯಾರೆಟ್ ರೂಪಿಸಿದರು. ಒಳಗೆ ಹೆಚ್ಚು ಜಾಗ, ಮಳೆಗೆ ಹೆಚ್ಚು ರಕ್ಷಣೆ, ತಯಾರಿಕೆಗೆ ಕಡಿಮೆ ಖರ್ಚು: ಕಾಗದದ ಮೇಲೆ ಎಲ್ಲವೂ ಹಿಂದಿನದಕ್ಕಿಂತ ಮೇಲು. ಚೌಕಾಕಾರದ ದಪ್ಪ ಅಂಚುಗಳಲ್ಲಿ ಅಂದಿನ ಬೀಚ್ ಬಗ್ಗಿಗಳ ಛಾಯೆ ಇತ್ತು. ಹಳೆಯ ಅಭಿಮಾನಿಗಳು ಮುಖ ತಿರುಗಿಸಿದರು. 1973ರಲ್ಲಿ ಸೆವೆನ್‌ನ ಹಕ್ಕುಗಳು ಗ್ರಹಾಂ ನರ್ನ್ ಅವರ ಕೇಟರ್‌ಹ್ಯಾಮ್ ಸಂಸ್ಥೆಗೆ ಬಂದವು. ಆ ಸಂಸ್ಥೆ ನಾಲ್ಕನೆಯ ಸರಣಿಯನ್ನು ಸ್ವಲ್ಪ ಕಾಲ ಮಾತ್ರ ತಯಾರಿಸಿ, 1974ರಲ್ಲಿ ಹಿಂದಿನ ಮೂರನೆಯ ಸರಣಿಗೇ ಮರಳಿತು. ಹೊಸತನ್ನು ಬಿಟ್ಟು ಹಳತನ್ನು ಹೊಸದಾಗಿ ಮಾಡಲು ತೊಡಗಿದ ಇಂತಹ ನಿರ್ಧಾರ ವಾಹನೋದ್ಯಮದಲ್ಲಿ ಅಪರೂಪ. ಬ್ಯಾರೆಟ್‌ಗೆ ಆದದ್ದು ಅನ್ಯಾಯವೆಂದು ವಾದಿಸಬಹುದು: ಅದೇ ಮೈ ಸೆವೆನ್ ಎಂಬ ಹೆಸರು ಹೊರದೆ ಬಂದಿದ್ದರೆ ಅದನ್ನು ಇಷ್ಟು ಹಳಿಯುತ್ತಿರಲಿಲ್ಲ.

ಎರಡನೆಯ ಪ್ರಯತ್ನ ಕೇಟರ್‌ಹ್ಯಾಮ್‌ನದೇ. ಸೆವೆನ್ ತಯಾರಿಕೆಗೆ 21 ವರ್ಷ ತುಂಬಿದ ನೆನಪಿಗೆ 1994ರ ಬರ್ಮಿಂಗ್‌ಹ್ಯಾಮ್ ಪ್ರದರ್ಶನದಲ್ಲಿ ‘21’ ಎಂಬ ಕಾರನ್ನು ಇಟ್ಟರು. ಇಯಾನ್ ರಾಬರ್ಟ್‌ಸನ್ ರೂಪಿಸಿದ ಮೈ. ಪ್ರದರ್ಶನದ ಕಾರು ಬಣ್ಣ ಬಳಿಯದ, ಉಜ್ಜಿ ಹೊಳಪಿಸಿದ ಅಲ್ಯೂಮಿನಿಯಂ. ಗಾಲಿಗಳು ಮುಚ್ಚಿದವು, ದೀಪಗಳು ಮೈಯೊಳಗೆ ಸೇರಿದವು, ಬಾಗಿಲು ಬಂತು. ನಾಲ್ಕನೆಯ ಸರಣಿಗೆ ಕುರೂಪದ ಆರೋಪವಿತ್ತು. ಇದಕ್ಕೆ ಅದೂ ಇಲ್ಲ. ಆದರೂ ಮಾರಾಟವಾದದ್ದು ಐವತ್ತಕ್ಕಿಂತ ಕಡಿಮೆ. ಮರುವರ್ಷವೇ ಲೋಟಸ್ ತನ್ನ ಎಲೀಸನ್ನು ತೋರಿಸಿತು. ಅದರಲ್ಲಿ ಅಲ್ಯೂಮಿನಿಯಂ ಚಾಸಿಯೂ ಮೈಯೂ ಒಂದಕ್ಕೊಂದು ಹೊಂದಿಕೊಂಡು ಒಟ್ಟಿಗೆ ಹುಟ್ಟಿದ್ದವು. ಅದರ ಮೊದಲ ಸರಣಿಯೊಂದೇ ಹತ್ತು ಸಾವಿರ ದಾಟಿತು. ಹಳೆಯ ಹಂದರಕ್ಕೆ ಒಗ್ಗಿಸಿದ ಚೆಲುವು ಅದರ ಎದುರು ನಿಲ್ಲಲಿಲ್ಲ.

ಈ ಎರಡು ಸೋಲುಗಳಿಗೂ ಮಾರುಕಟ್ಟೆಯ ಕಾರಣಗಳನ್ನು ಕೊಡುವುದು ವಾಡಿಕೆ. ಆದರೆ ಸೆವೆನ್‌ನ ಆಸನದಲ್ಲಿ ಕುಳಿತು ಯೋಚಿಸಿದರೆ ಬೇರೊಂದು ಕಾರಣವೂ ಹೊಳೆಯುತ್ತದೆ. ಹೊಸ ಮೈ ಕಟ್ಟಿದವರು ಕಾರನ್ನು ರಸ್ತೆಬದಿಯಲ್ಲಿ ನಿಂತವನ ಕಣ್ಣಿನಿಂದ ನೋಡಿದರು. ಸೆವೆನ್‌ನ ಚೆಲುವು ಅರ್ಧಕ್ಕರ್ಧ ಚಾಲಕನಿಗಷ್ಟೇ ಕಾಣುವಂತಹುದು. ಅವನ ಎದುರಿಗೆ ನೀಳ ಬಾನೆಟ್. ಅದರ ಇಕ್ಕೆಲದಲ್ಲಿ ಗಾಲಿಗಳು, ಅವು ಕುಳಿಗಿಳಿದು ಏಳುವುದು, ತೋಳುಗಳು ಮಿಸುಕುವುದು. ಕೈಯಲ್ಲಿ ಹಿಡಿದ ಚಕ್ರಕ್ಕೂ ನೆಲಕ್ಕೂ ನಡುವಿನ ಸಂಬಂಧ ಅಲ್ಲಿ ಕಣ್ಣಿಗೆ ಬೀಳುತ್ತದೆ. ಆ ಗಾಲಿಯನ್ನು ಜೋಡಿಸಿದವನೂ ಅವನೇ ಆಗಿದ್ದರಂತೂ ಕೇಳುವುದೇ ಬೇಡ. ನುಣುಪಾದ ಮೈ ಗಾಳಿಯನ್ನು ಗೆದ್ದಿತು. ಗೆಲ್ಲುವ ಭರದಲ್ಲಿ ಈ ನೋಟದ ಮೇಲೆ ಮುಚ್ಚಳ ಹಾಕಿತು.

ಮೂರನೆಯ ಉತ್ತರ ವಿದ್ಯಾರ್ಥಿಯೊಬ್ಬನಿಂದ ಬಂತು. ಕೊವೆಂಟ್ರಿ ವಿಶ್ವವಿದ್ಯಾಲಯದಲ್ಲಿ ವಾಹನ ವಿನ್ಯಾಸ ಓದುತ್ತಿದ್ದ ನಿಕಿ ಸ್ಮಾರ್ಟ್ 1996ರಲ್ಲಿ ತನ್ನ ವ್ಯಾಸಂಗದ ಭಾಗವಾಗಿ ಹಗುರವಾದ ಕ್ರೀಡಾ ಕಾರೊಂದನ್ನು ರೂಪಿಸಿದನು. ಅಲ್ಲಿ ಪಾಠ ಹೇಳುತ್ತಿದ್ದ ಸೈಮನ್ ಸಾಂಡರ್ಸ್ ಅದನ್ನು ಮುಂದೆ ಏರಿಯಲ್ ಆಟಮ್ ಎಂಬ ಹೆಸರಿನಲ್ಲಿ ತಯಾರಿಕೆಗೆ ತಂದರು. ಆಧುನಿಕ ಮೈ ಹೇಗಿರಬೇಕೆಂದು ಇತರರು ತಿಣುಕಾಡುತ್ತಿದ್ದಾಗ ಆ ಹುಡುಗನು ಮೈಯನ್ನೇ ಕೈಬಿಟ್ಟನು. ಹಂದರದ ಕೊಳವೆಗಳು ದಪ್ಪಗಾಗಿ, ಬಿಲ್ಲಿನಂತೆ ಬಾಗಿ, ತಾವೇ ಹೊರಮೈಯಾದವು. ಬಾಗಿಲಿಲ್ಲ, ಮಾಡಿಲ್ಲ, ಮುಂದಿನ ಗಾಜನ್ನೂ ಅನೇಕರು ಹಾಕಿಸುವುದಿಲ್ಲ. ಗಾಳಿಯ ಲೆಕ್ಕದಲ್ಲಿ ಇದು ಸೆವೆನ್‌ಗಿಂತ ಜಾಣತನವೇನಲ್ಲ. ಓಡಿಸುವವನು ಹೆಲ್ಮೆಟ್ ತೊಟ್ಟು, ಗಾಳಿಗೆ ಮೈಯೊಡ್ಡಿ ಹೋಗುತ್ತಾನೆ. ಮಳೆ ಬಂದರೆ ನೆನೆಯುತ್ತಾನೆ.

ಸೆವೆನ್ ಈಗಲೂ ತಯಾರಾಗುತ್ತಿದೆ. ಅದರ ಕೆಲವು ಮಾದರಿಗಳಿಗೆ ಕಾರ್ಬನ್ ಫೈಬರಿನ ಮಡ್‌ಗಾರ್ಡ್ ಬಂದಿದೆ. ಸೈಕಲ್ಲಿನದರಂತೆ ಗಾಲಿಯ ಮೇಲಷ್ಟೇ ಕುಳಿತ ಆ ಪುಟ್ಟ ತೊಗಲು, ಚಾಲಕನು ಚಕ್ರ ತಿರುಗಿಸಿದಾಗ ಗಾಲಿಯೊಡನೆ ತಾನೂ ಅತ್ತ ತಿರುಗುತ್ತದೆ.