ಅಲಿಬಾಗದಲ್ಲಿ ಮೂರು ದಿನ

ಮಕ್ಕಳ ಪರೀಕ್ಷೆ ಮುಗಿಯಿತೆಂದರೆ ನಮ್ಮ ಡೊಂಬಿವಲಿಯ ಮನೆಯಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ಈ ಸಲ ಊರಿನಿಂದ ಅವ್ವನೂ ಬಂದಿದ್ದಳು. ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಆಯುಷ್ಯ ಕಳೆದವಳು. ಸಮುದ್ರವನ್ನು ದೂರದಿಂದ ನೋಡಿದ್ದುಂಟು, ಕಾಲಿಟ್ಟದ್ದಿಲ್ಲ. ಅವಳು ಕನ್ನಡದಲ್ಲಿ ಕೇಳಿದರೆ ಹತ್ತು ವರ್ಷದ ಮೊಮ್ಮಗ ಮರಾಠಿಯಲ್ಲಿ ಉತ್ತರ ಕೊಡುವನು. ಇಂಥ ಮನೆ ನಮ್ಮದೊಂದೇ ಅಲ್ಲವೆಂದು ವಾಚಕರು ಬಲ್ಲರು. ಊರೂರು ಗಂಟು ಹೊತ್ತು ಅಲೆಯುವುದು ಅವಳಿಂದಾಗದು. ಆದ್ದರಿಂದ ಅಲಿಬಾಗದಲ್ಲಿ ಬಿಡಾರ ಹೂಡಿ, ಹಗಲು ಎಲ್ಲಿ ತಿರುಗಿದರೂ ರಾತ್ರಿ ಅಲ್ಲಿಗೇ ಮರಳುವುದೆಂದು ನಿಶ್ಚಯಿಸಿದೆವು.

ಠಾಣೆಯಿಂದ ಪನವೇಲ್ ಲೋಕಲ್, ಅಲ್ಲಿಂದ ಎಸ್.ಟಿ. ಬಸ್ಸು, ಪೇಣ, ವಡಖಳ ದಾಟಿದರೆ ಅಲಿಬಾಗ. ಮುಂಬಯಿಯಿಂದ ಮಾಂಡವಾಕ್ಕೆ ಬೋಟಿನಲ್ಲಿಯೂ ಹೋಗಬಹುದಿತ್ತು. “ನೀರಿನ ಮ್ಯಾಲಿಂದ ಬ್ಯಾಡ” ಎಂದು ಅವ್ವ ಮೊದಲೇ ತೀರ್ಪು ಕೊಟ್ಟಿದ್ದಳು.

ಮೊದಲ ದಿನ ಕುಲಾಬಾ ಕೋಟೆ. ದಡದ ಎದುರಿಗೇ ಸಮುದ್ರದಲ್ಲಿ ನಿಂತಿದೆ. ನೀರು ಇಳಿದಾಗ ನಡೆದು ಹೋಗಬಹುದು, ಕುದುರೆಗಾಡಿಗಳೂ ಓಡಾಡುತ್ತವೆ. ನೀರು ಏರಿತೋ, ಕೋಟೆ ದ್ವೀಪವಾಗುತ್ತದೆ. ಆ ದಿನದ ವೇಳೆಯನ್ನು ದಡದಲ್ಲಿಯೇ ಕೇಳಿಕೊಂಡು ಹೊರಡಬೇಕು. ಶಿವಾಜಿ ಮಹಾರಾಜರು 1680ರಲ್ಲಿ ಕಟ್ಟಲು ತೊಡಗಿದ ಈ ಕೋಟೆ ಮುಂದೆ ಕಾನ್ಹೋಜಿ ಆಂಗ್ರೆಯ ನೆಲೆಯಾಯಿತು. 1721ರಲ್ಲಿ ಇಂಗ್ಲಿಷರೂ ಪೋರ್ತುಗೀಜರೂ ಕೂಡಿ ದಂಡೆತ್ತಿ ಬಂದು ಬರಿಗೈಯಲ್ಲಿ ಮರಳಿದರು. ಗೋಡೆಯ ಬಂಡೆಗಳನ್ನು ಗಾರೆಯಿಲ್ಲದೆ ಪೇರಿಸಿದ್ದಾರೆ. ತೆರೆಯ ನೀರು ಸಂದಿಗಳಲ್ಲಿ ಹೊಕ್ಕು ತನ್ನ ಬಲವನ್ನು ತಾನೇ ಕಳೆದುಕೊಳ್ಳುತ್ತದೆ. ಒಳಗೆ ಗಣಪತಿಯ ಗುಡಿ, ಸಿಹಿನೀರಿನ ಬಾವಿ. ಸುತ್ತಲೂ ಉಪ್ಪು, ನಡುವೆ ಸಿಹಿ! ಅವ್ವ ಬಾವಿಯ ಹತ್ತಿರದಿಂದ ಏಳಲೊಲ್ಲಳು. ತಡವಾದದ್ದು ಹಾಗೆ.

ಮರಳುವಾಗ ಅರ್ಧ ದಾರಿಗೆ ನೀರು ಮೊಣಕಾಲಿಗೆ ಬಂದಿತು. ನಾನು ಫೋಟೋದ ಹುಚ್ಚಿನಲ್ಲಿ ಹಿಂದುಳಿದಿದ್ದೆ. ಮುಂದೆ ಓಡಿದ್ದ ಹುಡುಗ “ಆಜೀ, ಭರತಿ ಆಲೀ!” ಎಂದು ಕೂಗಿಕೊಂಡ. ಅವ್ವ ಬೇಗ ಹೆಜ್ಜೆ ಹಾಕುವ ಬದಲು ನಿಂತೇಬಿಟ್ಟಳು. ಭಾರತಿ ಎಂಬವಳು ಯಾರೋ ಬಂದಳೆಂದು ತಿಳಿದು ಹಿಂದೆ ತಿರುಗಿ ನೋಡುತ್ತಿದ್ದಾಳೆ! ಅಷ್ಟರಲ್ಲಿ ಒಂದು ತೆರೆ ಸೊಂಟಕ್ಕೆ ಬಡಿಯಿತು. ಪುಣ್ಯಕ್ಕೆ ಹಿಂದಿನಿಂದ ಬಂದ ಗಾಡಿಯವನು ಅವಳನ್ನು ರಟ್ಟೆ ಹಿಡಿದು ಮೇಲೆ ಹತ್ತಿಸಿಕೊಂಡ. ದಡದಲ್ಲಿ ನಾವೆಲ್ಲ ನಕ್ಕೆವು. ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಊರಿನ ಭೂಕಾಂತ ವೀಕ್ಷಣಾಲಯವನ್ನು ಹೊರಗಿನಿಂದಲೇ ನೋಡಿದೆವು. ಮುಂಬಯಿಯ ಟ್ರಾಮುಗಳಿಗೆ ವಿದ್ಯುತ್ತು ಬರಲಿದೆ, ಸೂಜಿಗಳು ಕದಲುತ್ತವೆ ಎಂದು ಕೊಲಾಬಾದಲ್ಲಿದ್ದುದನ್ನು 1904ರಲ್ಲಿ ಇಲ್ಲಿಗೆ ತಂದರು. ಇದನ್ನು ನಡೆಸುವ ಸಂಸ್ಥೆಯ ಮುಖ್ಯ ಕಚೇರಿ ನಮ್ಮ ನ್ಯೂ ಪನವೇಲಿನಲ್ಲಿದೆ.

ಅಲ್ಲಿಂದ ಅಡಿಕೆ, ತೆಂಗಿನ ವಾಡಿಗಳ ನಡುವೆ ದಕ್ಷಿಣಕ್ಕೆ. ದಾರಿಯಲ್ಲಿ ಆಕ್ಷಿ. ಮರಾಠಿಯ ಅತಿ ಹಳೆಯ ಶಾಸನ ನಮ್ಮ ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಇದೆಯೆಂದು ಬಹುಕಾಲ ಹೇಳುತ್ತಿದ್ದರು. ಆಕ್ಷಿಯ ಶಾಸನವನ್ನು ಕೆಲವು ವಿದ್ವಾಂಸರು ಶಕ 934, ಅಂದರೆ 1012ರದೆಂದು ಓದಿ ಆ ಮಾನವನ್ನು ಇದಕ್ಕೆ ಕೊಟ್ಟರು. ಒಪ್ಪದವರೂ ಇದ್ದಾರೆ, ನನಗೆ ಈ ಜಗಳದಲ್ಲಿ ಎರಡೂ ಕಡೆ ನೆಂಟಸ್ತಿಕೆ.

ರೇವದಂಡಾದ ಬಳಿಯ ಚೌಲ್ ಒಂದು ಕಾಲಕ್ಕೆ ದೊಡ್ಡ ಬಂದರು. ಹದಿನೈದನೆಯ ಶತಮಾನದಲ್ಲಿ ರಷ್ಯದ ವರ್ತಕ ನಿಕಿತಿನ್ ಇಲ್ಲಿಳಿದೇ ನಮ್ಮ ಬೀದರಿಗೆ ಹೋದದ್ದು. ಖಾಡಿಯ ಆಚೆಗೆ ಕೊರ್ಲೈ. ಬೆಟ್ಟದ ಮೇಲೆ ಪೋರ್ತುಗೀಜರ ಕೋಟೆ, ಕೆಳಗೆ ಹಳ್ಳಿ. ಕೋಟೆ ಹತ್ತುವುದಾಗದೆಂದು ಅವ್ವ ಒಂದು ಮನೆಯ ಕಟ್ಟೆಯಲ್ಲಿ ಕುಳಿತಳು. ಒಳಗಿನಿಂದ ತಾಯಿಯೊಬ್ಬಳು ಮಗುವನ್ನು ಕರೆದ ಮಾತು ಮರಾಠಿಯಲ್ಲ, ಕೊಂಕಣಿಯೂ ಅಲ್ಲ. ನನ್ನವಳು ಕೇಳಿದ್ದಕ್ಕೆ ಆಕೆ, “ನೋ ಲಿಂಗ್, ನಮ್ಮ ಭಾಷೆ” ಎಂದಳು. ಪೋರ್ತುಗೀಜು ಮರಾಠಿಯೊಡನೆ ಬೆರೆತು ಹುಟ್ಟಿದ ಮಾತು. ಪೋರ್ತುಗೀಜರು 1740ರಲ್ಲಿಯೇ ಈ ಕಡೆಯನ್ನು ಬಿಟ್ಟುಹೋದರು. ಈ ಒಂದು ಹಳ್ಳಿಯಲ್ಲಿ ಮಾತು ಉಳಿದಿದೆ, ಆಡುವವರು ಸಾವಿರದ ಆಸುಪಾಸು. “ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಇದು” ಎಂದು ಆಕೆ ಸಹಜವಾಗಿ ಹೇಳಿ ನಮಗೆ ನೀರು ತಂದುಕೊಟ್ಟಳು.

ಬಸ್ಸಿನಲ್ಲಿ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ ಕೇಳಿದ: “ಅಜ್ಜಿ, ಭರತಿಗೆ ಕನ್ನಡದಾಗ ಏನಂತಾರ?”

“ನಮ್ಮೂರಾಗ ಸಮುದ್ರ ಎಲ್ಲೈತೋ, ಹೆಸರಿಡಾಕ?” ಎಂದಳು ಅವ್ವ.

ಉಬ್ಬರ, ಇಳಿತ ಎಂದು ನಾನು ಹೇಳಿಕೊಟ್ಟೆ. ಇಬ್ಬರೂ ಕಲಿತರು.

ಮೂರನೆಯ ದಿನ ಮುರುಡ ಜಂಜಿರಾಕ್ಕೆ ಹೋಗುವುದಿತ್ತು. ಅಲ್ಲಿ ದೋಣಿ ಹತ್ತಲೇಬೇಕು, ಅವ್ವ ಒಪ್ಪಲಿಲ್ಲ. ದಡದಲ್ಲಿಯೇ ಕುಳಿತು ನೀರು ಏರುವುದನ್ನು ನೋಡಿದೆವು. ಹೊರಡುವ ಮುನ್ನ ಅವಳು ಅಲಿಬಾಗದ ಬಿಳಿ ಉಳ್ಳಾಗಡ್ಡಿಯ ಎರಡು ಹೆಣಿಕೆ ಕೊಂಡಳು. ಒಂದು ಡೊಂಬಿವಲಿಗೆ, ಒಂದು ಊರಿಗೆ.