ಬೆರಳಗಲದ ಅಂತರ

ಶ್ರೀಮಠದ ಹಳೆಯ ಅಂಬಾಸಿಡರ್ ವಾಹನವನ್ನು ಕಾಣದ ಸದ್ಭಕ್ತರು ವಿರಳ. ಇಲ್ಲಿ ಓದಿ ಹೋದವರಲ್ಲಿ ಅನೇಕರು ಅದನ್ನು ತಳ್ಳಿದವರೂ ಹೌದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಹುಟ್ಟಿ, ಬಂಗಾಲದ ಉತ್ತರಪಾಡಾದಲ್ಲಿ ದಶಕಗಳ ಕಾಲ ತಯಾರಾದ ಈ ಕಾರಿನ ಉತ್ಪಾದನೆ 2014ರಲ್ಲಿ ನಿಂತಿತು. ವಿಜಾಪುರ ಜಿಲ್ಲೆಗೆ ವಿಜಯಪುರವೆಂಬ ಹೆಸರು ಬಂದದ್ದೂ ಅದೇ ವರ್ಷ. ದಾರಿಗಳ ತಗ್ಗುದಿನ್ನೆಗಳು ಮಾತ್ರ ಹಾಗೆಯೇ ಉಳಿದವು.

ಎರಡು ವರ್ಷಗಳಿಂದ ನಮ್ಮ ಚಾಲಕರು, ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಎಡಗಾಲಿಯ ಬಳಿ ಏನೋ ತಿಕ್ಕಿದ ಸದ್ದು ಬರುತ್ತದೆಂದು ಅರಿಕೆ ಮಾಡುತ್ತಿದ್ದರು. "ಗ್ರೀಸ್ ಹಾಕಿಸಿರಿ" ಎಂದು ಹೇಳಿ ನಾವು ಸುಮ್ಮನಾಗುತ್ತಿದ್ದೆವು. ಒಂದು ಗ್ಯಾರೇಜಿನಲ್ಲಿ ವಾಹನವನ್ನು ಜ್ಯಾಕಿನಿಂದ ಎತ್ತಿ ನೋಡಿ, ದೋಷವೇನೂ ಇಲ್ಲವೆಂದು ಕಳಿಸಿದ್ದರು.

ಕಳೆದ ಚಳಿಗಾಲದಲ್ಲಿ ಇಂಡಿ ತಾಲ್ಲೂಕಿನ ತಾಂಬಾ ಗ್ರಾಮಕ್ಕೆ ದಯಮಾಡಿಸಬೇಕೆಂದು ಭಕ್ತರ ಬಿನ್ನಹವಾಯಿತು. ಹಿಂದಿನ ಆಸನದಲ್ಲಿ ಪ್ರಸಾದನಿಲಯದ ನಾಲ್ವರು ಬಾಲಕರಿದ್ದರು. ಹೆದ್ದಾರಿ ಬಿಟ್ಟು ಊರ ಓಣಿಗೆ ಹೊರಳುವಾಗ ಎಡಗಾಲಿ ತಗ್ಗಿಗಿಳಿದು ಮೇಲಕ್ಕೆ ಪುಟಿಯಿತು. ಕಟಕ್ಕೆಂಬ ಸದ್ದಿನೊಡನೆ ಸ್ಟಿಯರಿಂಗ್ ಹಿಡಿದುಕೊಂಡಿತು. ಎದುರಿಗೆ ಕೊಡ ಹೊತ್ತ ತಾಯಿಯೊಬ್ಬರು ಬರುತ್ತಿದ್ದರು. ಚಾಲಕರು ಬ್ರೇಕ್ ಒತ್ತಿದ್ದರಿಂದ ವಾಹನ ಗೋಡೆಗೆ ಗೇಣು ದೂರದಲ್ಲಿ ನಿಂತಿತು. ಆ ಕ್ಷಣ ನಮಗೆ ನೆನಪಾದದ್ದು ನಮ್ಮದೇ ಗ್ರೀಸಿನ ಮಾತು.

ಊರಿನಲ್ಲಿ ಟ್ರ್ಯಾಕ್ಟರ್ ದುರಸ್ತಿ ಮಾಡುವ ಹಿರಿಯರೊಬ್ಬರು ಬಂದು ಅಡಿಗೆ ತೂರಿದರು. ಗಾಲಿಯನ್ನು ತಿರುಗಿಸುವ ಟೈ ರಾಡ್ ಒಳಗಿನ ತಗಡಿಗೆ ತಿಕ್ಕಿ, ಅದರ ಮೈಮೇಲೆ ಗೀರು ಬಿದ್ದಿತ್ತು. ನೆರೆದವರಲ್ಲೊಬ್ಬರು ರಾಡನ್ನು ಕಾಯಿಸಿ ಕೊಂಚ ಬಾಗಿಸಿದರೆ ಸಾಕೆಂದರು. ಹಿರಿಯರು ಒಪ್ಪಲಿಲ್ಲ. "ಅಪ್ಪಾರ, ಕಾಯ್ಸಿ ಬಗ್ಗಿಸಿದ ರಾಡಿನ ಮ್ಯಾಲ ನಂಬಿಗಿ ಇಡಬ್ಯಾಡ್ರಿ. ಮೊದಲ ಗಾಡಿ ಯಾಕ ಕುಂತೈತಿ, ಅದನ್ನ ನೋಡೂಣು" ಎಂದರು. ವಿಶ್ವವಿದ್ಯಾನಿಲಯದಲ್ಲಿ ತರ್ಕಶಾಸ್ತ್ರ ಓದಿದ ನಮಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಭಕ್ತರ ಮನೆಯ ಮುಂದೆ ಫರಸಿ ಹಾಸಿದ ಸಮತಟ್ಟಾದ ಅಂಗಳದಲ್ಲಿ ಅಳೆದಾಗ ಎಡಭಾಗ ಬಲಕ್ಕಿಂತ ಒಂದಂಗುಲ ಕುಸಿದಿತ್ತು. ಈ ವಾಹನದ ಮುಂಗಾಲಿಗಳ ಭಾರ ಹೊರುವುದು ಸುರುಳಿ ಸ್ಪ್ರಿಂಗಲ್ಲ. ಉದ್ದಕ್ಕೆ ಮಲಗಿ, ತಿರುಚಿಕೊಂಡು ಒತ್ತಡ ತಾಳುವ ಟಾರ್ಷನ್ ಬಾರ್ ಎಂಬ ಉಕ್ಕಿನ ಸರಳು. ವರ್ಷಗಳ ಭಾರಕ್ಕೆ ಅದು ಸೋತಿತ್ತು. ಗಾಲಿ ಮಿತಿಮೀರಿ ಏರದಂತೆ ತಡೆಯುವ ರಬ್ಬರ್ ಪುಡಿಯಾಗಿತ್ತು. ತುಕ್ಕು ಹಿಡಿದ ಜಾಗಕ್ಕೆ ಹಿಂದೆಂದೋ ಬೆಸೆದ ತೇಪೆಯ ಅಂಚು ಹೊರಚಾಚಿತ್ತು. ಮೂರೂ ಕೂಡಿ ರಾಡಿನ ಎಡೆಯನ್ನು ನುಂಗಿದ್ದವು. ಜ್ಯಾಕಿನಿಂದ ಎತ್ತಿದಾಗಲಾದರೋ ಗಾಲಿ ಕೆಳಗೆ ಜೋತುಬಿದ್ದು ಎಡೆ ಬೇಕಾದಷ್ಟಿರುತ್ತದೆ. ಭಾರ ಹೊತ್ತು ತಗ್ಗಿಗೆ ಬಿದ್ದಾಗಲೇ ದೋಷ ಕಾಣುವುದು. ಗ್ಯಾರೇಜಿನವರು ಕಂಡದ್ದು ಸುಳ್ಳಲ್ಲ, ಕಂಡ ಹೊತ್ತು ಬೇರೆ.

ಕೆಲಸ ಮೂರು ದಿನ ಹಿಡಿಯಿತು. ವಾಹನವನ್ನು ಗಟ್ಟಿ ಆಧಾರದ ಮೇಲಿರಿಸಿ, ಸರಳಿನ ಬಿಗಿಯನ್ನು ಜೋಪಾನವಾಗಿ ಸಡಿಲಿಸಿದರು. ಅಜಾಗರೂಕತೆಯಿಂದ ಬಿಚ್ಚಿದರೆ ಅದರಲ್ಲಡಗಿದ ಶಕ್ತಿ ಕೈಮುರಿದೀತು. ತೇಪೆಯ ಅಂಚನ್ನು ಕತ್ತರಿಸಿ ತಟ್ಟಿದರು. ಸೊಲ್ಲಾಪುರದಿಂದ ಹೊಸ ರಾಡು, ರಬ್ಬರು ಬಂದವು. ಬಳಿಕ ಹಿರಿಯರು ಅಡುಗೆಮನೆಯಿಂದ ಕಣಕ ತರಿಸಿದರು. ಜೋಳದ ಹಿಟ್ಟು ಉದುರುತ್ತದೆ, ಗೋದಿಯದೇ ಬೇಕೆಂದು ತಾಕೀತು! ರಾಡಿಗೂ ತಗಡಿಗೂ ನಡುವೆ ಕಣಕದ ಉಂಡೆ ಮೆತ್ತಿ, ಜ್ಯಾಕಿನಿಂದ ಕೆಳತೋಳನ್ನೆತ್ತಿ, ಹೊಸ ರಬ್ಬರಿಗೆ ತಾಗುವವರೆಗೂ ಗಾಲಿಯನ್ನು ಏರಿಸಿ, ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದರು. ಉಳಿದ ಕಣಕದ ದಪ್ಪವೇ ಅಂತರದ ಅಳತೆ. ಅದು ಹಿರಿಯರ ಬೆರಳಗಲ ಇತ್ತು.

ಅನಂತರ ಸರಳನ್ನು ಬಿಗಿದು ಎರಡೂ ಬದಿಯ ಎತ್ತರ ಸರಿಗೊಳಿಸಿದರು. ಎತ್ತರ ಬದಲಾದರೆ ಗಾಲಿಗಳ ಮುಖವೂ ಬದಲಾಗುವುದರಿಂದ, ವಿಜಯಪುರಕ್ಕೆ ನಿಧಾನವಾಗಿ ಒಯ್ದು ಅಲೈನ್‌ಮೆಂಟ್ ಮಾಡಿಸಲು ಹೇಳಿದರು. ಕೂಲಿಯನ್ನು ಬಹಳ ಒತ್ತಾಯಿಸಿದ ಮೇಲೆ ಅರ್ಧ ಮಾತ್ರ ತೆಗೆದುಕೊಂಡರು.

ಹಿಂದಿರುಗಿ ಬಂದ ದಿನ ಚಾಲಕರು ವಾಹನದಡಿ ತೂರಿ, ಒಣಗಿ ಕಲ್ಲಾದ ಕಣಕದ ತುಣುಕೊಂದನ್ನು ತಂದು ನಮ್ಮ ಮೇಜಿನ ಮೇಲಿಟ್ಟರು. "ಇನ್ನ ಸದ್ದಿಲ್ರಿ ಅಪ್ಪಾರ" ಎಂದರು. ಈಗ ಅವರು ಏನು ಅರಿಕೆ ಮಾಡಿದರೂ ನಾವೇ ಎದ್ದು ಹೋಗಿ ನೋಡುತ್ತೇವೆ.